ಬದುವಿನ ಮರ, ಬೇರೆ ದೇಶದ ಹೊಗೆ

ಮರಗಿಡದ ಕೆಲಸ ಅಂದ್ರೆ ನೆಮ್ಮದಿ ಕಣಯ್ಯಾ ಅಂತ ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು ಹೇಳಿದ್ದರು. ಮರಗಳೇನೋ ನೆಮ್ಮದಿಯಾಗೇ ಇವೆ. ನಾನು ಮಾತ್ರ ದಿನಾ ಸಂಜೆ ಟಿ. ನರಸೀಪುರದ ಬಸ್ಸಲ್ಲಿ ಕೂತು ಅಂದಿನದನ್ನು ನೆನೆದು ಒಬ್ಬನೇ ನಗುತ್ತೇನೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

೧. ಹೊಗೆಯ ವಿಚಾರ

ನಂಜನಗೂಡಿನಲ್ಲಿರೋ ನಮ್ಮ ಸಂಸ್ಥೆಯ ಕೆಲಸ ಇಷ್ಟೇ. ದೂರದ ದೇಶದ ಒಂದು ಕಂಪನಿ ಹೊಗೆ ಬಿಡುತ್ತೆ. ಆ ಪಾಪ ಕಳೆಯೋಕೆ, ನಮ್ಮ ರೈತರು ಬದುವಿನ ಮೇಲೆ ಬೆಳೆಸಿದ, ಹೊಗೆ ಕುಡಿಯೋ ಮರಗಳಿಗೆ ದುಡ್ಡು ಕೊಡುತ್ತೆ. ಅದು ಬೆಂಗಳೂರಿನ ಆಫೀಸಿಗೆ ಬಂದು, ನಮ್ಮ ಕೈ ದಾಟಿ, ಊರಿನ ಮರ ಬೆಳೆಗಾರರ ಸಂಘ ಸೇರಬೇಕು.

ಹುಲ್ಲಹಳ್ಳಿ ಕಡೆಯ ಒಂದೂರಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ದುಡ್ಡು ಬಂದರೆ ಊರಿಗೊಂದು ರಾಗಿ ಗಿರಣಿ ಅಂತ ಸಂಘದ ಅಧ್ಯಕ್ಷರ ಹೆಂಡತಿ ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಪಾಪ, ಅಲ್ಲಿನ ಹೆಂಗಸರು ರಾಗಿ ಮೂಟೆ ಹೊತ್ತು ಬಸ್ಸು ಹತ್ತಿ ಹಿಟ್ಟು ಮಾಡಿಸಿಕೊಂಡು ಬರಬೇಕು.

ಅಧ್ಯಕ್ಷರಿಗೆ ಮಾತ್ರ ಬೇರೆ ಯೋಚನೆ. ಅವರದ್ದೊಂದು ಆಲೆಮನೆ ಇದೆ, ಬೆಲ್ಲ ಕಾಯಿಸುವಾಗ ಹೊಗೆಯೋ ಹೊಗೆ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಅಲ್ಲ ಸಾ, ನಮ್ ಆಲೆಮನೆ ಒಗೆ ಓಗಿ ಅವ್ರ ಮರ ಕುಡ್ಬುಟ್ರೆ, ಅವ್ರು ನಮ್ಮನ್ನ ದುಡ್ ಕೇಳಲ್ವಾ?"

೨. ಫೋಟೋಗೆ ಮುಂಚೆ

ವರ್ಷಕ್ಕೊಮ್ಮೆ ಸ್ಯಾಟಲೈಟಿನಿಂದ ಮರಗಳ ಫೋಟೋ ತೆಗೆಯುತ್ತಾರೆ, ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳಿ ಬಂದಿದ್ದೆ. ಸ್ವಲ್ಪ ದಿನ ಕಳೆದು ಬೆಂಗಳೂರಿಂದ ಫೋನು: "ಏನ್ರೀ ಇದು, ಆ ಊರಲ್ಲಿ ಮರಾನೇ ಕಾಣ್ತಿಲ್ಲ. ಕಡಿದು ಮಾರ್ಕೊಂಡ್ರಾ?"

ಫೋನಿಟ್ಟವನೇ ಗಾಡಿ ಹತ್ತಿ ಓಡಿದೆ. ಬದುವಿನ ಮೇಲೆ ಹೊಂಗೆ, ಬೇವು ಎಲ್ಲ ನೆಟ್ಟಗೆ ನಿಂತಿವೆ. ಆದರೆ ಒಂದಕ್ಕೂ ಎಲೆಯಿಲ್ಲ, ಕೊಂಬೆಯಿಲ್ಲ. ಸೊಪ್ಪು ಗದ್ದೆಗೆ ಗೊಬ್ಬರವಾಗಿದೆ, ಮಿಕ್ಕದ್ದನ್ನು ಆಡುಗಳು ಮೇಯುತ್ತಿವೆ. ಬುಡಕ್ಕೆಲ್ಲ ಸುಣ್ಣ, ಕೆಮ್ಮಣ್ಣಿನ ಪಟ್ಟೆ.

"ಏನ್ ಯಜಮಾನ್ರೇ ಇದು?" ಅಂದೆ.

ಅಧ್ಯಕ್ಷರಿಗೆ ನನ್ನ ಮೇಲೇ ಬೇಜಾರು. "ನೀವೇ ಪೋಟೋ ತೆಗೀತಾರೆ ಅಂದ್ರಲ್ಲ ಸಾ. ಕಟಿಂಗ್ ಮಾಡಿಸ್ದೆ ಯಾರಾದ್ರೂ ಪೋಟೋಗೆ ನಿಂತ್ಕತ್ತಾರಾ?"

೩. ಕುರ್ಚಿ

ಫೋಟೋ ನಂಬದೆ ಕಂಪನಿ ತನ್ನ ಸಾಹೇಬರನ್ನೇ ಕಳಿಸಿತು. ಅವರು ಒಪ್ಪಿದರೆ ಗಿರಣಿ, ಇಲ್ಲದಿದ್ದರೆ ಊರು ಪಟ್ಟಿಯಿಂದ ಔಟು. ಅಧ್ಯಕ್ಷರ ಹೆಂಡತಿ ಹಿಂದಿನ ದಿನವೇ ಕೇಳಿದ್ದರು, "ಮರನ ಎಂಗೆ ಅಳೀತಾರೆ ಸಾ?"

"ಎದೆ ಮಟ್ಟದಲ್ಲಿ ಟೇಪು ಸುತ್ತುತ್ತಾರಮ್ಮ, ದಪ್ಪ ಇದ್ದಷ್ಟೂ ಒಳ್ಳೇದು" ಅಂದಿದ್ದೆ.

ಸಾಹೇಬರು ಜೀಪಿಂದ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಅಷ್ಟು ಉದ್ದ ಮನುಷ್ಯ. ಅವರ ಎದೆ ನಮ್ಮ ಅಧ್ಯಕ್ಷರ ತಲೆ ಮಟ್ಟಕ್ಕಿತ್ತು. ಮರವೋ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಆಯಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, ಸೀದಾ ಮನೆಗೆ ಹೋಗಿ ಕುರ್ಚಿ ತಂದರು.

"ಬಿಸ್ಲು ಸ್ವಾಮಿ, ಕೂತ್ಕಂಡು ಅಳೀರಿ."

ಮೊದಲನೇ ಮರದ ಹತ್ತಿರ ಕೂರಿಸಿದರು. ಎರಡನೇದರ ಹತ್ತಿರ ಅವರು ನಿಲ್ಲುವುದಕ್ಕೆ ಮುಂಚೆಯೇ ಕುರ್ಚಿ ಹಾಜರು. ಹೀಗೇ ಬದುವಿನುದ್ದಕ್ಕೂ ಕುರ್ಚಿ ಮುಂದೆ, ಸಾಹೇಬರು ಹಿಂದೆ. ಅವರ ಕೈಯಲ್ಲಿ ಎತ್ತರ ಗುರುತು ಹಾಕಿದ ಕೋಲಿತ್ತು. ಕೂತರೂ ನಿಂತರೂ ಅಳತೆ ಒಂದೇ. ಅದನ್ನು ನಾನು ಹೇಳಿದರೂ ಆಯಮ್ಮ ನಂಬಲಿಲ್ಲ. "ಇರ್ಲಿ ಸುಮ್ಕಿರಿ ಸಾ" ಅಂದರು.

ಮರಗಳು ಪಾಸಾದವು. ಎಲೆ ಮತ್ತೆ ಚಿಗುರುತ್ತೆ, ಕಾಂಡ ಚೆನ್ನಾಗಿದೆ ಅಂದರು ಸಾಹೇಬರು. ನನ್ನ ಕಣ್ಣಲ್ಲಿ ನೀರೇ ಬಂತು. ಹೊರಡುವಾಗ ಅವರು ನನ್ನನ್ನು ಇಂಗ್ಲಿಷಿನಲ್ಲಿ ಗುಟ್ಟಾಗಿ ಕೇಳಿದರು: "ನಿಮ್ಮಲ್ಲಿ ಮರದ ಮುಂದೆ ನಿಲ್ಲಬಾರದು ಅಂತ ಏನಾದರೂ ಪದ್ಧತಿ ಇದೆಯಾ?"

"ಹೂಂ ಸಾರ್, ಬಹಳ ಹಳೇದು" ಅಂದುಬಿಟ್ಟೆ.

ಈಗ ಊರಲ್ಲಿ ಗಿರಣಿ ತಿರುಗುತ್ತಿದೆ. ಮೊನ್ನೆ ವಿದೇಶದಿಂದ ಬೆಂಗಳೂರಿಗೆ, ಬೆಂಗಳೂರಿಂದ ನಮಗೆ ಆರ್ಡರ್ ಬಂತು: ಸ್ಥಳೀಯ ಸಂಪ್ರದಾಯಕ್ಕೆ ಗೌರವ ಕೊಟ್ಟು, ಇನ್ನು ಮುಂದೆ ಎಲ್ಲ ಸಿಬ್ಬಂದಿ ಮರಗಳನ್ನು ಕೂತೇ ಅಳೆಯತಕ್ಕದ್ದು.