ಮಹೇಶ್‌ಭಾಯ್, ನಾಲ್ಕು ಜನ

ಹೋಟೆಲಿಗೆ ಹೋದವರು ಹೊಟ್ಟೆ ತುಂಬಿಸಿಕೊಂಡು ಬರುತ್ತಾರೆ. ನಾವು ಮೂವರು ಹೆಂಗಸರು ಹೋದಾಗಲೆಲ್ಲ ಏನಾದರೊಂದಕ್ಕೆ ಹೆದರಿಕೊಂಡು ಬರುತ್ತೇವೆ. ಒಂದು ಸಲವಾದರೆ ಆಕಸ್ಮಿಕ ಎನ್ನಬಹುದು. ನಾನು ಗಣಿತ ಕಲಿಸುವವಳು. ನಾಲ್ಕಕ್ಕೆ ನಾಲ್ಕು ಸಲವೂ ಆದದ್ದನ್ನು ಆಕಸ್ಮಿಕ ಎನ್ನಲು ಮನಸ್ಸು ಬರುವುದಿಲ್ಲ.

ಮೂವರು ಯಾರೆಂದು ಮೊದಲು ಹೇಳುತ್ತೇನೆ. ನಾನು ವಡೋದರಾದ ಗೋರ್ವಾದಲ್ಲಿ ಒಂದು ಶಾಲೆಯ ಟೀಚರ್. ಊರು ತುಮಕೂರಿನ ಕಡೆ. ಯಜಮಾನರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಅವರ ವರ್ಗಾವಣೆಯ ಜೊತೆ ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಇನ್ನೊಬ್ಬರು ಧಾರವಾಡದವರು. ಅವರ ಗಂಡ ರೈಲ್ವೆಯಲ್ಲಿ, ಭಾನುವಾರ ಮನೆಯಲ್ಲಿರುವುದು ಅಪರೂಪ. ಅವರನ್ನು ರೈಲ್ವೆಯವರು ಎನ್ನುತ್ತೇನೆ. ಮತ್ತೊಬ್ಬರು ಮೈಸೂರಿನವರು, ಬ್ಯಾಂಕಿನಲ್ಲಿ ಅಧಿಕಾರಿ, ಇಲ್ಲಿ ಒಬ್ಬರೇ ಇರುತ್ತಾರೆ. ಅವರು ಬ್ಯಾಂಕಿನವರು.

ಮೊದಲು ನಾವು ನಾಲ್ವರಿದ್ದೆವು. ಭಾನುವಾರ ಸಂಜೆ ಈ ಊರಿನಲ್ಲಿ ಹೆಚ್ಚಿನ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ನಾವೂ ಊರಿನವರಂತೆ ಹೊರಗೆ ಉಣ್ಣುತ್ತಿದ್ದೆವು. ಹೋಟೆಲಿನ ಬಾಗಿಲಲ್ಲಿ ಹೆಸರು ಬರೆಸುವುದು, ಏನು ಬೇಕೆಂದು ಹೇಳುವುದು, ನನ್ನ ತಟ್ಟೆಯಲ್ಲಿ ಮಿಕ್ಕ ಕೊನೆಯ ತುತ್ತು ತಿನ್ನುವುದು, ಈ ಮೂರೂ ಯಜಮಾನರ ಕೆಲಸ. ಅವರು ತೀರಿಕೊಂಡು ಈಗ ಹದಿನಾಲ್ಕು ತಿಂಗಳು.

ಆರು ತಿಂಗಳು ನಾನು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಇವರಿಬ್ಬರು ಬಿಡಲಿಲ್ಲ. ನನಗಿದ್ದ ಹೆದರಿಕೆ ಒಂದೇ: ಗುರುತಿಲ್ಲದವರ ನಡುವೆ, ತಟ್ಟೆಯ ಮುಂದೆ ಕೂತು ಅತ್ತುಬಿಡುತ್ತೇನೆ ಎಂಬುದು. ಸಾವಾದ ದಿನವೂ ನಾನು ಜನರೆದುರು ಅತ್ತವಳಲ್ಲ. ಇವರಿಬ್ಬರಿಗೂ ಅದೇ ಹೆದರಿಕೆ. ಊಟದ ಹೊತ್ತಿನಲ್ಲಿ ಯಜಮಾನರ ಮಾತೆತ್ತಬಾರದೆಂದು ಇಬ್ಬರೂ ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದರು. ಎತ್ತಲೇಬೇಕಾದಾಗ "ಯಾರೋ ಒಬ್ಬರು" ಎನ್ನುತ್ತಿದ್ದರು.

೧. ಖಾಲಿ ಬಟ್ಟಲು

ಮೊದಲ ಭಾನುವಾರ ಥಾಲಿ ಊಟಕ್ಕೆ ಕರೆದುಕೊಂಡು ಹೋದರು. ದೊಡ್ಡ ತಟ್ಟೆ, ಅದರೊಳಗೆ ಆರು ಬಟ್ಟಲು. ಬಡಿಸುವವರು ಸಾಲಾಗಿ ಬರುತ್ತಾರೆ, ಹೋಗುತ್ತಾರೆ, ಮತ್ತೆ ಬರುತ್ತಾರೆ. ಇಲ್ಲಿ ಖಾಲಿ ಬಟ್ಟಲು ಎಂದರೆ ಇನ್ನಷ್ಟು ಬೇಕು ಎಂದರ್ಥ. ಹದಿನೆಂಟು ವರ್ಷದಿಂದ ಇದು ನನಗೆ ಗೊತ್ತು. ಆದರೆ ಇಷ್ಟು ವರ್ಷ ಕೊನೆಯ ತುತ್ತು ನನ್ನ ಪಾಲಿಗೆ ಇರಲೇ ಇಲ್ಲವಲ್ಲ. ಈಗ ಬಿಡಲು ಮನಸ್ಸಿಲ್ಲ, ತಿನ್ನುವವರು ಇಲ್ಲ. ನಾನೇ ಬಳಿದು ತಿಂದೆ. ತುಂಬಿದರು. ತಿಂದೆ. ತುಂಬಿದರು.

ಮೂರನೆಯ ಸುತ್ತಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. ಊರಿನಲ್ಲಿ ಎಲೆಯ ಮೇಲೆ ಮಾಡುವಂತೆ ಎರಡೂ ಕೈ ಅಡ್ಡ ಹಿಡಿದು ತಟ್ಟೆಯ ಮೇಲೆ ಬಗ್ಗಿದೆ. ಬಡಿಸುವವನು ಬೆರಳುಗಳ ಸಂದಿಯಲ್ಲಿ ಗುರಿಯಿಟ್ಟು ಕಢಿ, ಇಲ್ಲಿಯ ಸಿಹಿ ಮಜ್ಜಿಗೆಹುಳಿ, ಹೊಯ್ದ. ಕೈಗೆ ಒಂದು ಹನಿ ಸಿಡಿಯಲಿಲ್ಲ.

ರೈಲ್ವೆಯವರು ಮೆಲ್ಲಗೆ ಹೇಳಿದರು, "ಅಕ್ಕೋರ, ಖಾಲಿ ಮಾಡಬ್ಯಾಡ್ರಿ. ಎಲ್ಲಾದರಾಗೂ ಒಂದೊಂದು ಚೂರು ಬಿಡ್ರಿ, ಹೋಗ್ತಾನ." ಧಾರವಾಡದ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ.

ಬಿಟ್ಟೆ. ಆರೂ ಬಟ್ಟಲಿನಲ್ಲಿ ಒಂದೊಂದು ಚಮಚ. ಬಡಿಸುವವರು ನಿಂತರು. ಹತ್ತು ನಿಮಿಷ ಶಾಂತಿ. ಆಮೇಲೆ ಮಾಲೀಕರೇ ಬಂದರು. ತಟ್ಟೆಯನ್ನು ನೋಡಿದರು, ನನ್ನ ಮುಖ ನೋಡಿದರು. ಬೆನ್, ಎಂದರೆ ಅಕ್ಕಾ, ಅಡುಗೆ ರುಚಿಸಲಿಲ್ಲವೇ ಎಂದು ಬಹಳ ನೊಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಆರೂ ಬಟ್ಟಲು ಎತ್ತಿಸಿ, ಬಿಸಿಯಾಗಿ ಹೊಸ ಆರು ಬಟ್ಟಲು ತರಿಸಿದರು.

ಖಾಲಿ ಮಾಡಿದರೆ ತುಂಬುತ್ತಾರೆ, ಮಾಡದಿದ್ದರೆ ಬದಲಾಯಿಸುತ್ತಾರೆ. ಈ ಲೆಕ್ಕಕ್ಕೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

೨. ಬೆನ್ನ ಹಿಂದೆ

ರೈಲ್ವೆಯವರ ತಂಗಿ ಸೂರತ್ತಿನ ಬಳಿ ಹಜೀರಾದ ಒಂದು ಕಾರ್ಖಾನೆಯ ಕಾಲೊನಿಯಲ್ಲಿದ್ದಾರೆ. ಅವರ ಮಗುವಿನ ನಾಮಕರಣಕ್ಕೆಂದು ಸೂರತ್ತಿಗೆ ಹೋದೆವು. ಮರುದಿನ ಬೆಳಿಗ್ಗೆ ಲೋಚೋ ತಿನ್ನಲು ಕತಾರ್‌ಗಾಮ್ ಕಡೆ ಒಂದು ಸಣ್ಣ ಅಂಗಡಿ. ಕಡಲೆಬೇಳೆ ರುಬ್ಬಿ ಹಬೆಯಲ್ಲಿ ಬೇಯಿಸಿ, ಮೇಲೆ ಎಣ್ಣೆ ಮತ್ತು ಸೇವು ಸುರಿದು ಕೊಡುತ್ತಾರೆ. ಮೆತ್ತಗಿರುತ್ತದೆ, ಬೇಗ ತಿನ್ನಬಹುದು. ಬೇಗ ತಿನ್ನಲೇಬೇಕು.

ಏಕೆಂದರೆ ಭಾನುವಾರ ಅಲ್ಲಿ ಕಾಯುವವರು ಬಾಗಿಲಲ್ಲಿ ಕಾಯುವುದಿಲ್ಲ. ಉಣ್ಣುವವರ ಕುರ್ಚಿ ಹಿಡಿದುಕೊಂಡು ಕಾಯುತ್ತಾರೆ. ನನ್ನ ಹಿಂದೆ ಏಳು ಜನರ ಒಂದು ಸಂಸಾರ. ಅವರ ಅಜ್ಜಿ ನನ್ನ ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈ ಊರಿ, ನನ್ನ ಭುಜದ ಮೇಲಿಂದ ತಟ್ಟೆ ನೋಡುತ್ತಾ, ಉಳಿದವರಿಗೆ ವರದಿ ಮಾಡುತ್ತಿದ್ದರು: ಅರ್ಧವಾಯಿತು. ಇನ್ನು ನಾಲ್ಕು ಚಮಚ. ಈಕೆ ನಿಧಾನ, ಪಕ್ಕದವಳು ಚುರುಕು. ಪಕ್ಕದವರೆಂದರೆ ಬ್ಯಾಂಕಿನವರು. ಅವರು ಹೆದರಿ ಅಗಿಯುವುದನ್ನೇ ಬಿಟ್ಟು ನುಂಗುತ್ತಿದ್ದರು. ಅವಸರದಲ್ಲಿ ನನ್ನ ಚಮಚದಿಂದ ಒಂದಿಷ್ಟು ಮೇಜಿನ ಮೇಲೆ ಬಿತ್ತು. ಅಜ್ಜಿ ಬೇಸರದ ಉಸಿರು ಬಿಟ್ಟರು. ಅದು ನನ್ನ ಕತ್ತಿಗೆ ತಾಗಿತು.

ಮೂವತ್ತು ವರ್ಷ ನಾನು ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ಬೆನ್ನ ಹಿಂದೆ ನಿಂತು ಉತ್ತರಪತ್ರಿಕೆ ಇಣುಕಿದ್ದೇನೆ. ಆ ಮಕ್ಕಳಿಗೆ ಏನಾಗುತ್ತಿತ್ತೆಂದು ಅಂದು ತಿಳಿಯಿತು. ಮುಂದಿನ ವಾರದ ಪರೀಕ್ಷೆಯಲ್ಲಿ ಯಾರ ಹಿಂದೆಯೂ ನಿಲ್ಲಲಿಲ್ಲ. ದೂರದಲ್ಲಿ ಕಿಟಕಿಯ ಬಳಿ ಕೂತೆ.

ಆ ಸಲ ಏಳನೆಯ ಪ್ರಶ್ನೆಗೆ ಇಡೀ ತರಗತಿಯೂ ಒಂದೇ ತಪ್ಪು ಉತ್ತರ ಬರೆದಿತ್ತು.

೩. ಔಷಧಿ

ಬ್ಯಾಂಕಿನವರಿಗೆ ಅಹಮದಾಬಾದಿನಲ್ಲಿ ಎರಡು ದಿನದ ತರಬೇತಿ ಇತ್ತು. ಅದು ಮುಗಿಯುವ ದಿನ ನಾವಿಬ್ಬರೂ ಹೋಗಿ ಸೇರಿಕೊಂಡೆವು. ಒಂದು ದೋಸೆಯ ಹೋಟೆಲು ಕಂಡಿತು. ಒಳಗೆ ಹೋಗಿ ಕೂತು ಸಾಂಬಾರಿನ ರುಚಿ ನೋಡಿದೆವು. ಸಿಹಿ.

"ಯಾರೋ ಒಬ್ಬರು ಹೇಳ್ತಿದ್ರು, ಇಲ್ಲಿ ಸಾಂಬಾರಿಗೆ ದ್ರಾಕ್ಷಿ ಗೋಡಂಬಿ ಒಂದು ಕಡಿಮೆ ಅಂತ," ಎಂದರು ಬ್ಯಾಂಕಿನವರು. ಹೇಳಿ ಮುಗಿಸುವ ಮೊದಲೇ ಆ ಯಾರೋ ಯಾರೆಂಬುದು ನೆನಪಾಗಿ, ಗಾಬರಿಯಿಂದ ನೀರು ಕುಡಿದರು. ನಾನು ದೋಸೆಯ ಅಂಚನ್ನು ನೋಡುತ್ತಾ ಕೂತೆ. ಅದು ಯಜಮಾನರದೇ ಮಾತು.

ಮಾತು ಬದಲಿಸಲು ರೈಲ್ವೆಯವರು ಚೀಲದಿಂದ ಒಂದು ಪೊಟ್ಟಣ ತೆಗೆದರು. ಶೇಂಗಾ ಚಟ್ನಿಪುಡಿ, ಮನೆಯಲ್ಲಿ ಕುಟ್ಟಿದ್ದು, ಕೆಂಪಗೆ. ಹೊರಗಿನ ತಿಂಡಿ ತರಬಾರದೆಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿತ್ತು. ನಾನು ಮೂರನ್ನೂ ಓದಿದ್ದೆ. ಅವರು ಸೆರಗಿನ ಮರೆಯಲ್ಲಿ ಪುಡಿ ಉದುರಿಸುವಾಗ ಮ್ಯಾನೇಜರ್ ಎದುರಿಗೇ ಬಂದು ನಿಂತ. ಇದೇನು ಎಂದ.

ರೈಲ್ವೆಯವರು ಹಿಂದಿಯಲ್ಲಿ, ಔಷಧಿ, ಎಂದುಬಿಟ್ಟರು. ಯಾವುದಕ್ಕೆ ಎಂದು ಆತ ಕೇಳಿದ. ಹೊಟ್ಟೆಗೆ, ಎಂದರು ಇವರು. ಆತನ ಮುಖ ಬದಲಾಯಿತು. ಕುರ್ಚಿ ಎಳೆದುಕೊಂಡು ಕೂತು, ತನಗೂ ಎರಡು ವರ್ಷದಿಂದ ಹೊಟ್ಟೆಯ ತೊಂದರೆ, ಯಾವ ವೈದ್ಯರಿಂದಲೂ ಆಗಿಲ್ಲ ಎಂದು ಹೇಳಿಕೊಂಡು, ಅಂಗೈ ಚಾಚಿದ. ಬೇಡವೆನ್ನುವ ದಾರಿ ಇರಲಿಲ್ಲ. ಒಂದು ಚಮಚ ಹಾಕಿದರು. ಆತ ಅದನ್ನು ಒಣದಾಗಿಯೇ ಬಾಯಿಗೆ ಹಾಕಿಕೊಂಡ.

ಆತನ ಹಣೆಯಲ್ಲಿ ಬೆವರು ಹನಿಗಟ್ಟಿತು. ಕಣ್ಣು ಕೆಂಪಾಯಿತು. ಎದ್ದು ಒಳಗೆ ಹೋದ. ನಾವು ದೋಸೆಯನ್ನು ಅರ್ಧಕ್ಕೇ ಬಿಟ್ಟು, ಬಿಲ್ಲು ಕೊಟ್ಟು, ಹೆಚ್ಚುಕಡಿಮೆ ಓಡಿದೆವು. ಆತನಿಗೆ ಏನಾದರೂ ಆದರೆ ಎಂದು ನನಗೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡು ತಿಂಗಳ ಮೇಲೆ ಅದೇ ರಸ್ತೆಯಲ್ಲಿ, ಎದುರಿನ ಬದಿಯಿಂದ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆವು. ಆತ ನೋಡಿಬಿಟ್ಟ. ವಾಹನಗಳ ನಡುವೆ ಕೈ ಮೇಲೆತ್ತಿಕೊಂಡು ನಮ್ಮತ್ತ ಓಡಿಬಂದ. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೆವು. ಆತ ಏದುಸಿರು ಬಿಡುತ್ತಾ ಹೇಳಿದ: ಆ ಔಷಧಿ ಇನ್ನೂ ಇದೆಯೇ? ಅಮ್ಮನಿಗೂ ಬೇಕಾಗಿದೆ.

೪. ಮಹೇಶ್‌ಭಾಯ್

ಇದು ಹೋದ ಭಾನುವಾರದ ಮಾತು. ವಡೋದರಾದಲ್ಲೇ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಇಲ್ಲಿಯ ದೊಡ್ಡ ಹೋಟೆಲುಗಳಲ್ಲಿ ಭಾನುವಾರ ಬಾಗಿಲ ಬಳಿ ಒಬ್ಬ ರಿಜಿಸ್ಟರ್ ಹಿಡಿದು ನಿಂತಿರುತ್ತಾನೆ. ಹೆಸರು, ಎಷ್ಟು ಜನ ಎಂದು ಬರೆಸಬೇಕು. ಸರದಿ ಬಂದಾಗ ಮೈಕಿನಲ್ಲಿ ಕೂಗುತ್ತಾನೆ. ನಾವು ಹೊಸದಾಗಿ ಬಂದಾಗ ಯಜಮಾನರು ತಮ್ಮ ನಿಜವಾದ ಹೆಸರು ಬರೆಸಿದ್ದರು: ನಂಜುಂಡಸ್ವಾಮಿ. ಮೈಕಿನವನು ಆ ಸಾಲಿಗೆ ಬಂದು, ಬಾಯಿ ತೆರೆದು, ಮುಚ್ಚಿ, ಅದರ ಕೆಳಗಿನ ಹೆಸರು ಕೂಗಿದ. ಆ ದಿನ ನಾವು ಮನೆಗೆ ಬಂದು ಉಪ್ಪಿಟ್ಟು ತಿಂದೆವು. ಮುಂದಿನ ವಾರದಿಂದ ಅವರು ಎಲ್ಲ ಹೋಟೆಲುಗಳಲ್ಲೂ ಮಹೇಶ್‌ಭಾಯ್ ಆದರು. ಹದಿನೇಳು ವರ್ಷ, "ಮಹೇಶ್‌ಭಾಯ್, ನಾಲ್ಕು ಜನ" ಎಂದರೆ ನಾವು.

ಅವರು ಹೋದ ಮೇಲೆ ಹೆಸರು ಬರೆಸುವುದು ಬ್ಯಾಂಕಿನವರ ಪಾಲಿಗೆ ಬಂತು. ಆ ಸಂಜೆ ಅವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು, ರೈಲ್ವೆಯವರು ಅವರ ಜೊತೆಗಿದ್ದರು. ಬಾಗಿಲಿಗೆ ಮೊದಲು ಬಂದವಳು ನಾನು. ಹಿಂದೆ ಜನ ಒತ್ತುತ್ತಿದ್ದರು. ರಿಜಿಸ್ಟರಿನವನು ತಲೆ ಎತ್ತದೆ ಹೆಸರು ಕೇಳಿದ. ನಾನು ಹೇಳಿದೆ. ಬರೆದ. ಏನು ಹೇಳಿದೆನೆಂದು ನನಗೇ ಗೊತ್ತಾಗಲಿಲ್ಲ.

ಗೊತ್ತಾದದ್ದು ಮುಕ್ಕಾಲು ಗಂಟೆಯ ಮೇಲೆ, ಮೈಕಿನಲ್ಲಿ.

"ಮಹೇಶ್‌ಭಾಯ್, ಚಾರ್ ಜಣ. ಮಹೇಶ್‌ಭಾಯ್."

ರೈಲ್ವೆಯವರು ನನ್ನ ಮೊಣಕೈ ಹಿಡಿದರು. ಬ್ಯಾಂಕಿನವರು ಆಫ್ ಆಗಿದ್ದ ಫೋನನ್ನು ದಿಟ್ಟಿಸತೊಡಗಿದರು. ಮೈಕು ಮೂರನೆಯ ಸಲ ಕೂಗಿತು. ಇನ್ನು ಒಂದು ಸಲ, ಆಮೇಲೆ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಆ ಗೆರೆ ಎಳೆಯುವುದನ್ನು ನಾನು ನೋಡಲಾರೆ ಎನಿಸಿತು. ಮುಂದೆ ಹೋದೆ.

ಆತ ನಮ್ಮನ್ನು ಎಣಿಸಿದ. ಮೂವರು. ಈ ಹೋಟೆಲುಗಳ ನಿಯಮ ಕಟ್ಟುನಿಟ್ಟು: ಬರೆಸಿದ ಎಲ್ಲರೂ ಹಾಜರಿದ್ದರೆ ಮಾತ್ರ ಟೇಬಲ್. ಮಹೇಶ್‌ಭಾಯ್ ಎಲ್ಲಿ ಎಂದು ಕೇಳಿದ.

ನನ್ನ ಗೆಳತಿಯರಿಬ್ಬರೂ ನನ್ನನ್ನು ಕಾಪಾಡಲು ಒಟ್ಟಿಗೇ ಬಾಯಿ ತೆರೆದರು. ಅವರು ಊರಲ್ಲಿಲ್ಲ ಎಂದರು ಬ್ಯಾಂಕಿನವರು. ಡ್ಯೂಟಿಯಲ್ಲಿದ್ದಾರೆ, ಈಗ ಬರುತ್ತಾರೆ ಎಂದರು ರೈಲ್ವೆಯವರು. ಆತ ಇಬ್ಬರನ್ನೂ ನೋಡಿ, ಪೆನ್ನು ಕೆಳಗಿಟ್ಟು, ನನ್ನನ್ನು ಕೇಳಿದ:

"ಬೆನ್, ಒಂದು ಹೇಳಿ. ಬರುತ್ತಾರೋ, ಬರುವುದಿಲ್ಲವೋ?"

ಹದಿನಾಲ್ಕು ತಿಂಗಳಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನಾನೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಕಚೇರಿಯ ಅರ್ಜಿಗಳಲ್ಲಿ ಬರೆದಿದ್ದೆ, ಅಷ್ಟೇ.

"ಬರುವುದಿಲ್ಲ," ಎಂದೆ. "ನಾಲ್ಕು ಎಂದು ಬರೆಸಿದ್ದು ನನ್ನ ತಪ್ಪು. ನಾವು ಮೂವರೇ."

"ಹಾಗಾದರೆ ಮಹೇಶ್‌ಭಾಯ್ ಯಾರು?"

ದಿನವೂ ಬೆಳಿಗ್ಗೆ ನಾನು ಮಕ್ಕಳ ಹಾಜರಿ ಕೂಗುತ್ತೇನೆ. ಇಲ್ಲದವರ ಪರವಾಗಿ ಇನ್ನೊಬ್ಬರು ಹೂಂ ಅನ್ನಬಾರದೆಂದು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ.

"ನಾನೇ," ಎಂದೆ.

ಆತ ನನ್ನ ಸೀರೆ, ಕನ್ನಡಕ ನೋಡಿದ. ನಮ್ಮ ಹಿಂದೆ ಮೆಟ್ಟಿಲವರೆಗೆ ನಿಂತಿದ್ದ ಜನರನ್ನು ನೋಡಿದ. ನಾಲ್ಕನ್ನು ತಿದ್ದಿ ಮೂರು ಮಾಡಿದ. ಆಮೇಲೆ ಮೈಕು ಹಿಡಿದು ಅದೇ ದನಿಯಲ್ಲಿ ಕೂಗಿದ: "ಮಹೇಶ್‌ಭಾಯ್, ತ್ರಣ ಜಣ. ಅಂದರ್ ಆವೋ."

ಒಳಗೆ ಕೂತೆವು. ತಟ್ಟೆಗಳು ತುಂಬಿದವು. ಇಬ್ಬರೂ ಉಣ್ಣಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಕೊನೆಗೆ ರೈಲ್ವೆಯವರು ಕೇಳಿದರು, "ಅಲ್ರಿ ಅಕ್ಕೋರ, ಅಷ್ಟು ಮಂದಿ ಮುಂದ ನಾನೇ ಮಹೇಶ್‌ಭಾಯ್ ಅಂತ ಹೇಳಲಿಕ್ಕೆ ನಿಮಗ ಹೆಂಗ ಧೈರ್ಯ ಬಂತ್ರಿ?"

"ಅವರು ಹದಿನೇಳು ವರ್ಷ ಹೇಳಿದರಲ್ಲ," ಎಂದೆ. "ಅವರೇನು ಮಹೇಶ್‌ಭಾಯ್ ಆಗಿದ್ದರೇ?"

ಬ್ಯಾಂಕಿನವರು ಮೊದಲು ನಕ್ಕರು. ಕೈಯಲ್ಲಿದ್ದ ಹಪ್ಪಳ ಪುಡಿಯಾಯಿತು. ಆಮೇಲೆ ರೈಲ್ವೆಯವರು, ಆಮೇಲೆ ನಾನು. ನಕ್ಕು ನಕ್ಕು ಒಂದು ಕಡೆ ನಗು ಮುಗಿಯಿತು, ನನಗೆ ಮಾತ್ರ ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ತಟ್ಟೆಯ ಮುಂದೆ, ಗುರುತಿಲ್ಲದವರ ನಡುವೆ, ನಾನು ಹದಿನಾಲ್ಕು ತಿಂಗಳು ಹೆದರಿದ್ದಂತೆಯೇ, ಬಿಕ್ಕಿ ಬಿಕ್ಕಿ ಅತ್ತೆ.

ಯಾರೂ ತಿರುಗಿ ನೋಡಲಿಲ್ಲ. ಒಬ್ಬರನ್ನು ಬಿಟ್ಟು. ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿದ್ದ ಒಬ್ಬ ಅಜ್ಜಿ ಈಗ ಪಕ್ಕದ ಟೇಬಲ್ಲಿನಲ್ಲಿದ್ದರು. ನನ್ನ ಕಣ್ಣೀರು ನೋಡಿ ಮರುಗಿ, ಬಡಿಸುವವನನ್ನು ಕೈಬೀಸಿ ಕರೆದು, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು:

"ಅಯ್ಯೋ, ಮಹೇಶ್‌ಭಾಯ್‌ಗೆ ಖಾರ ಹತ್ತಿದೆ. ಬೇಗ ಬೆಲ್ಲ ಕೊಡಿ."

ಆ ತಟ್ಟೆಯಲ್ಲಿ ಇದ್ದದ್ದು ಸಿಹಿ ಬೇಳೆ, ಸಿಹಿ ಕಢಿ, ಸಿಹಿ ಪಲ್ಯ. ಬಡಿಸುವವನು ಓಡಿಬಂದು ಒಂದು ಬಟ್ಟಲು ಬೆಲ್ಲ ಇಟ್ಟ. ಅಳುತ್ತಲೇ ತಿಂದೆ, ಪೂರ್ತಿ ತಿಂದೆ, ಬಟ್ಟಲು ಖಾಲಿಯಾಯಿತು.

ಆತ ಮತ್ತೆ ತುಂಬಿದ.