ಹೆಣ್ಣು ನೋಡಲು ಬಂದವರು ಊರು ನೋಡಿ ಹೋದರು

ಮತ್ತೆ ಎಬ್ಬಿಸಿದರು. ನಾನು ಬರೆಯಲು ಕೂತಿದ್ದು ಬೆಳಿಗ್ಗೆ. ಈಗ ಬಿಸಿಲು ಅಂಗಳ ದಾಟಿ ಹೋಗಿದೆ. ಮೊದಲು ಮಗಳು ಶಾಯಿ ದೌತಿಗೆ ಕೈ ಅದ್ದಿ ಗೋಡೆಗೆ ಒರೆಸಿದಳು, ಅದನ್ನು ತೊಳೆದೆ. ಆಮೇಲೆ ಮೊರ ಕೇಳಲು ಬಂದ ಪಕ್ಕದ ಮನೆಯಾಕೆ ತನ್ನ ಸೊಸೆಯ ಗುಣಗಳನ್ನೆಲ್ಲ ನನ್ನ ಮುಂದೆ ಕೇರಿ, ಮೊರವನ್ನು ಮರೆತು ಹೋದಳು. ಈಗ ಮೊರಕ್ಕೆ ಇನ್ನೊಂದು ಸಲ ಬಂದಿದ್ದಳು. ಬರೆಯುವ ಹೆಂಗಸಿನ ಮನೆಗೆ ಬಾಗಿಲೇ ಇಡಬಾರದು.

ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಊರು ಬದಲಾದರೂ ನಿಲ್ಲುವುದಿಲ್ಲ. ನಮ್ಮನೆಯವರು ತಾಲ್ಲೂಕು ಕಚೇರಿಯ ಗುಮಾಸ್ತರು. ವರ್ಗವಾದಾಗಲೆಲ್ಲ ನಾವು ಪಾತ್ರೆ ಪಡಗ ಕಟ್ಟಿ ಗಾಡಿ ಹತ್ತುವವರು. ಅತ್ತೆ ಮಾವ ತೀರಿಕೊಂಡಿದ್ದರಿಂದ ನನ್ನ ನಾದಿನಿಯೂ ನಮ್ಮ ಜೊತೆಗೇ ಇದ್ದಳು. ಲಕ್ಷಣವಾದ ಹುಡುಗಿ, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಅವಳ ಪಾಲಿನ ಮಾತನ್ನೂ ನಾನೇ ಆಡುತ್ತೇನೆ ಎಂದು ನಮ್ಮನೆಯವರ ಅಭಿಪ್ರಾಯ. ಅವಳಿಗೊಂದು ಗಂಡು ಗೊತ್ತು ಮಾಡುವ ಭಾರ ನನ್ನ ತಲೆಯ ಮೇಲೆ ಬಿತ್ತು. ವರ್ಷ ಕಳೆದ ಹಾಗೆ ನೆಂಟರ ನೋಟ ಬದಲಾಯಿತು. ಸಂಬಳವಿಲ್ಲದ ಆಳು ಸಿಕ್ಕಿದೆ ಅಂತ ಇವಳೇ ಇಟ್ಟುಕೊಂಡಿದ್ದಾಳೆ ಎನ್ನುವ ಹಾಗೆ ನನ್ನನ್ನು ನೋಡತೊಡಗಿದರು. ನಾನೇನು ಮಾಡಲಿ? ಹೆಣ್ಣು ನೋಡಲು ಬಂದವರು ಯಾರೂ ಹೆಣ್ಣನ್ನು ನೋಡುತ್ತಿರಲಿಲ್ಲ. ಊರನ್ನು ನೋಡಿ ಹೋಗುತ್ತಿದ್ದರು.

ಚನ್ನಗಿರಿ: ಜ್ವರದ ಕುಶಲ

ಚನ್ನಗಿರಿಗೆ ಯಾರೇ ಹೊಸಬರು ಬರಲಿ, ಊರಿನವರು ಮೊದಲು ಬೆಟ್ಟದ ಮೇಲಿನ ಕೋಟೆಯನ್ನು ತೋರಿಸುತ್ತಾರೆ. ಹತ್ತಿ ತೋರಿಸುವುದಿಲ್ಲ, ಜಗಲಿಯ ಮೇಲೆ ಕೂತು ಬೆರಳು ಮಾಡಿ ತೋರಿಸುತ್ತಾರೆ. ಕೋಟೆ ಚೆಂದವೇ. ಆದರೆ ಸಂಜೆಯಾದರೆ ಕೋಟೆಯೂ ಕಾಣುವುದಿಲ್ಲ, ಎದುರಿಗೆ ಕೂತವರೂ ಕಾಣುವುದಿಲ್ಲ. ಸೊಳ್ಳೆ ಓಡಿಸಲು ಮನೆಮನೆಯಲ್ಲಿ ಬೇವಿನ ಸೊಪ್ಪಿನ ಹೊಗೆ.

ನಾವಿದ್ದಾಗ ಮಳೆಗಾಲ ಕಳೆದರೆ ಸಾಕು, ಮನೆಗೊಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದರು. ಹಾಗಾಗಿ ಬೇರೆ ಊರುಗಳಲ್ಲಿ ‘ಊಟ ಆಯ್ತಾ’ ಎಂದು ಕೇಳುವ ಹಾಗೆ ನಮ್ಮ ಬೀದಿಯಲ್ಲಿ ‘ಜ್ವರ ಬಿಡ್ತಾ’ ಎಂದು ಕೇಳುತ್ತಿದ್ದರು. ಜ್ವರ ಬಂದವರನ್ನೂ ಕೇಳುತ್ತಿದ್ದರು, ಬಾರದವರನ್ನೂ ಕೇಳುತ್ತಿದ್ದರು. ‘ಬಿಟ್ಟೈತ್ರಿ’ ಎನ್ನುವುದು ಮರ್ಯಾದೆ.

ದಾವಣಗೆರೆಯಿಂದ ಗಂಡಿನ ಕಡೆಯವರು ಬಂದರು. ಕರೆಂಟು ಬಂದು ದೀಪಕ್ಕೆ ಎಣ್ಣೆ ಹಾಕುವುದನ್ನೇ ಮರೆತ ಜನ. ನಮ್ಮ ಕಂದೀಲನ್ನು ಕನಿಕರದಿಂದ ನೋಡಿದರು. ನಾದಿನಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಅಷ್ಟರಲ್ಲಿ ಹೂವಿನವಳು ಬಾಗಿಲಿಗೆ ಬಂದು, “ಏನ್ ತಾಯಿ, ಜ್ವರ ಬಿಡ್ತಾ?” ಅಂದಳು.

“ಬಿಟ್ಟೈತ್ರಿ,” ಅಂದಳು ನಮ್ಮ ಹುಡುಗಿ, ತಲೆ ತಗ್ಗಿಸಿ.

ಗಂಡಿನ ತಾಯಿ ಚಾಪೆಯ ಮೇಲೆ ಸ್ವಲ್ಪ ಹಿಂದೆ ಸರಿದರು. ಅಂಚೆಯವನು ಕಿಟಕಿಯಲ್ಲಿ ತಲೆಹಾಕಿ ಅದನ್ನೇ ಕೇಳಿದ. ಎದುರು ಮನೆಯಾಕೆ ಗಂಡನ್ನು ನೋಡುವ ಆಸೆಗೆ ಬಂದು ಅದನ್ನೇ ಕೇಳಿದಳು. ಆ ತಾಯಿ ಗೋಡೆಗೆ ಒತ್ತಿಕೊಂಡರು.

“ಹುಡುಗಿಗೆ ಏನು ಕಾಯಿಲೆ ಐತೆ ಅಂತ ಮೊದಲೇ ಹೇಳಬೇಕಿತ್ತು,” ಅಂದರು ಗಂಡಿನ ತಂದೆ.

ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯಾಕೆ ನಮ್ಮ ಪರವಾಗಿ ನಿಂತಳು. “ಛೆ, ಆ ಹುಡುಗಿಗೆ ಏನೂ ಇಲ್ಲ ರೀ, ಕಲ್ಲುಗುಂಡಿನಂಗೈತೆ. ಊರಿಗೇ ಜ್ವರ! ನಿಮ್ಮನ್ನೂ ಈಗ ಕಚ್ಚಿರ್ತಾವಲ್ಲ, ನಿಮಗೇ ಗೊತ್ತಾಗತೈತೆ ಬಿಡ್ರಿ.”

ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಕೆಲವು ದಿನ ಬಿಟ್ಟು ಅವರಿಂದ ಸುದ್ದಿ ಬಂತು. ಸಂಬಂಧದ ವಿಚಾರವಲ್ಲ, ಜ್ವರದ ಕ್ವಿನೈನ್ ಮಾತ್ರೆ ಊಟಕ್ಕೆ ಮೊದಲು ತಗೋಬೇಕೋ ಆಮೇಲೋ ಎಂದು ಕೇಳಿದ್ದರು.

ಹೊನ್ನಾಳಿ: ಪುಣ್ಯದ ಊರು

ಹೊನ್ನಾಳಿಯಲ್ಲಿ ಏನು ದೂರು ಹೇಳಿದರೂ ಒಂದೇ ಉತ್ತರ. “ಮನೆ ಸೋರುತ್ತೆ ರೀ,” ಅಂದರೆ, “ಸೋರಲಿ ಬಿಡ್ರಿ, ಹೊಳೆ ಐತಲ್ಲ.” “ತರಕಾರಿ ಒಣಗಿದೆ,” ಅಂದರೆ, “ಹೊಳೆ ಐತಲ್ಲ ತಾಯಿ, ಇನ್ನೇನು ಬೇಕು?”

ಹೊಳೆ ಇತ್ತು. ಅದೇ ತೊಂದರೆ. ತುಂಗಭದ್ರೆಯಲ್ಲಿ ಮುಳುಗಿದರೆ ಪುಣ್ಯ; ಮುಳುಗಿ ಎದ್ದವರಿಗೆ ಹಸಿವು; ಹಸಿದವರಿಗೆ ನಮ್ಮ ಮನೆ. ನಮ್ಮ ಮದುವೆಗೂ ಬಾರದ ನೆಂಟರು ಹುಣ್ಣಿಮೆಗೆ ಬಂದರು, ಅಮಾವಾಸ್ಯೆಗೆ ಬಂದರು. ನೋಡಲು ಬಂದವರಿಗೆ ಅದಕ್ಕಿಂತ ಒಳ್ಳೆಯ ಊರಿಲ್ಲ. ಬಡಿಸುವವಳನ್ನು ಯಾರೂ ಕೇಳಲಿಲ್ಲ.

ಸಂಕ್ರಾಂತಿಯ ದಿನ ಮನೆ ತುಂಬ ಒದ್ದೆ ಬಟ್ಟೆಯ ನೆಂಟರು. ಸೊಂಟದಲ್ಲಿ ಮಗು, ಒಲೆಯ ಮೇಲೆ ಹುಗ್ಗಿ. ಆಗ ಒಂದು ಗಾಡಿ ಬಂದು ನಿಂತಿತು. ತಂದೆ, ತಾಯಿ, ಒಬ್ಬ ಮಗ. ಇನ್ನೂ ಒಂದು ಕಂತು ಬಂತು ಎಂದುಕೊಂಡು ಮುಖವನ್ನೂ ನೋಡದೆ ಪಂಚೆ ಕೊಟ್ಟು ಕಳಿಸಿದೆ. “ಹೊಳೆ ಆ ಕಡೆ. ಮುಳುಗಿ ಬೇಗ ಬನ್ನಿ. ಬಟ್ಟೆ ಹಿತ್ತಲಲ್ಲಿ ಹಿಂಡಿ. ಪಡಸಾಲೆಯಲ್ಲಿ ಹಿಂಡಿದರೆ ನಾನು ನಿಮ್ಮನ್ನು ಹಿಂಡುತ್ತೇನೆ.”

ಪಾಪ, ಹೋಗಿ ಮುಳುಗಿ ಬಂದರು. ಹುಡುಗನ ಕೈಗೆ ತೆಂಗಿನಕಾಯಿ ಹೋಳು ಕೊಟ್ಟು ತುರಿಯಲು ಕೂರಿಸಿದೆ. ಅವನ ತಾಯಿ ಅಡಿಗೆ ಮನೆ ಬಾಗಿಲಿಗೆ ಬಂದು, “ಅಲ್ಲಮ್ಮ, ನಾವು ಯಾರಂದ್ರೆ...” ಎಂದು ಶುರು ಮಾಡಿದರು.

“ಗೊತ್ತು ಬಿಡಿ, ದೂರದ ನೆಂಟರು,” ಅಂದೆ. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಬ್ಬ ಹುಣ್ಣಿಮೆಗೆಲ್ಲ ಬಂದು ತೊಳ್ಕೊಳ್ಳೋವಷ್ಟು ಪಾಪ ನೀವು ಯಾವಾಗ ಮಾಡ್ತೀರಿ?”

ಅಷ್ಟು ಹೊತ್ತಿಗೆ ನಮ್ಮನೆಯವರು ಹೊಳೆಯಿಂದ ಬಂದರು. ಕಾಯಿ ತುರಿಯುತ್ತಿದ್ದ ಹುಡುಗನನ್ನು ನೋಡಿದವರೇ ಕೈಯಲ್ಲಿದ್ದ ಚೊಂಬನ್ನು ಬಿಟ್ಟರು. ಮರುದಿನ ಬರಬೇಕಾಗಿದ್ದ ಗಂಡಿನ ಕಡೆಯವರು ಹಬ್ಬದ ಸ್ನಾನವೂ ಆಗಲಿ ಎಂದು ಒಂದು ದಿನ ಮೊದಲೇ ಬಂದಿದ್ದರು.

ತಾಯಿ ಒದ್ದೆ ಸೀರೆಯಲ್ಲೇ ಗಾಡಿ ಹತ್ತಿದರು. ಎಲ್ಲರೂ ನನ್ನ ಬಾಯನ್ನು ಬೈದರು. ಹೊಳೆಯನ್ನು ಯಾರೂ ಬೈಯಲಿಲ್ಲ. ಹುಡುಗ ಮಾತ್ರ ಒಳ್ಳೆಯವನು, ಕಾಯಿಯನ್ನು ಪೂರ್ತಿ ತುರಿದು ಕೊಟ್ಟೇ ಹೋದ.

ನ್ಯಾಮತಿ: ಶಲ್ಯದ ಕೆಳಗೆ

ನ್ಯಾಮತಿಯ ಪೇಟೆ ನೋಡಿದ ಪರವೂರಿನವರು ಇಲ್ಲೇ ಮನೆ ಮಾಡಬೇಕು ಎನ್ನುತ್ತಾರೆ. ಸಿಗದ ಸಾಮಾನಿಲ್ಲ. ಮನೆ ಮಾಡಿದವರಿಗೆ ಗೊತ್ತು: ಸಂತೆಯ ದಿನ ಬಾಗಿಲು ತೆಗೆದರೆ ಎತ್ತಿನ ಮುಖ, ಹಿತ್ತಲ ಬಾಗಿಲು ತೆಗೆದರೆ ಅದರ ಜೋಡಿಯ ಮುಖ. ವ್ಯಾಪಾರ ಅಲ್ಲಿ ರಕ್ತದಲ್ಲೇ ಇತ್ತು. ನನ್ನ ಮಗಳನ್ನು ಎತ್ತಿಕೊಂಡವರೂ ಮೊದಲು ತೂಕ ನೋಡುತ್ತಿದ್ದರು.

ಅಲ್ಲಿ ಒಂದು ಸಂಬಂಧ ಹತ್ತಿರಕ್ಕೆ ಬಂತು. ಹುಡುಗನ ಸೋದರಮಾವ ಎತ್ತಿನ ದಲ್ಲಾಳಿ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶಲ್ಯದ ಕೆಳಗೆ ಕೈ ಕೂಡಿಸಿ ಬೆರಳು ಹಿಡಿದು ತಿಳಿಸುತ್ತಾರೆ. ಒಪ್ಪಿದವನು ಹಿಂಡುತ್ತಾನೆ, ಒಪ್ಪದವನು ಕೊಡವುತ್ತಾನೆ. ಊಟವಾದ ಮೇಲೆ ಆ ಸೋದರಮಾವ ನಮ್ಮನೆಯವರ ಪಕ್ಕದಲ್ಲಿ ಕೂತು, ಶಲ್ಯ ಹರಡಿ, ಕೈ ಹಿಡಿದರು. ವರೋಪಚಾರದ ಮಾತು ಶುರುವಾಗಿದೆ ಎಂದು ಮನೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ನಮ್ಮನೆಯವರೊಬ್ಬರನ್ನು ಬಿಟ್ಟು. ಅವರು ನಗುನಗುತ್ತಾ ಕೂತಿದ್ದರು. ಸೋದರಮಾವ ನಗುನಗುತ್ತಾ ಎದ್ದರು.

ಮರುದಿನ ಪೇಟೆಯೆಲ್ಲ ಸುದ್ದಿ. ಗುಮಾಸ್ತರು ಸೈಕಲ್ಲು, ಗಡಿಯಾರ, ಬಂಗಾರ ಎಲ್ಲಕ್ಕೂ ಒಪ್ಪಿದ್ದಾರೆ. ಇಂಥ ದೊಡ್ಡ ಕೈ ನ್ಯಾಮತಿ ಕಂಡಿಲ್ಲ. ನಮ್ಮಲ್ಲಿ ಇದ್ದ ಬಂಗಾರ ನನ್ನ ಕಿವಿಯಲ್ಲಿ ಇದ್ದಷ್ಟೇ. ಆಗುವುದಿಲ್ಲ ಎಂದು ಹೇಳಿ ಕಳಿಸಿದ ದಿನದಿಂದ ನಾವು ಕೈ ಕೊಟ್ಟು ತಪ್ಪಿದ ಜನವಾದೆವು. ಸೊಪ್ಪಿನವಳು ಕೂಡ ನನ್ನ ಜೊತೆ ಚೌಕಾಸಿ ಮಾಡುವುದನ್ನು ಬಿಟ್ಟಳು.

“ಅಲ್ಲ ರೀ, ಕೊಡವಬಾರದಿತ್ತಾ?” ಅಂದೆ.

“ಪ್ರೀತಿಯಿಂದ ಹಿಂಡ್ತಿದಾರೆ ಅಂದ್ಕೊಂಡೆ ಕಣೇ,” ಅಂದರು. “ನಾವು ಕಮ್ಮಿ ಪ್ರೀತಿ ತೋರಿಸಬಾರದು ಅಂತ ಎರಡೂ ಕೈಯಲ್ಲಿ ಹಿಂಡಿದೆ.”

ಜಗಳೂರು: ಹೀರೆಬಳ್ಳಿಯ ಬುಡ

ಜಗಳೂರಿಗೆ ವರ್ಗ ಎಂದಾಗ ನ್ಯಾಮತಿಯ ಹೆಂಗಸರು ಸಾವಿನ ಮನೆಗೆ ಬಂದ ಹಾಗೆ ಬಂದು, ಮಾತಾಡದೆ ಕೂತು, ಎದ್ದು ಹೋದರು. ಬಂದ ಮೇಲೆ ಅವರು ಕೂತದ್ದು ಸಾಲದು ಅನ್ನಿಸಿತು. ಹತ್ತಿರದ ಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಸಿಹಿನೀರಿನ ಬಾವಿಗೆ ಹೋಗಿ ಬರುವಷ್ಟರಲ್ಲಿ ತಂದ ನೀರನ್ನು ನಾವೇ ಕುಡಿಯುವ ಹಾಗಾಗುತ್ತದೆ.

ಆ ಊರಲ್ಲಿ ನೀರನ್ನು ಒಂದೇ ಸಲ ಬಳಸಿ ಚೆಲ್ಲುವುದು ಮಾನಗೇಡಿ ಕೆಲಸ. ಅಕ್ಕಿ ತೊಳೆದ ನೀರು ಎಮ್ಮೆಗೆ. ಮಗುವನ್ನು ಮೀಯಿಸಿದ ನೀರು ಬಟ್ಟೆಗೆ. ನೆಂಟರು ಕಾಲು ತೊಳೆದ ನೀರು ಬಳ್ಳಿಗೆ. ಅದಕ್ಕೇ ನೆಂಟರನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ, ಬಳ್ಳಿಯ ಬುಡದಲ್ಲಿ ನಿಲ್ಲಿಸಿ ಕಾಲಿಗೆ ನೀರು ಕೊಡುತ್ತಾರೆ. ಯಾರ ಮನೆಗೆ ನೆಂಟರು ಹೆಚ್ಚೋ ಅವರ ಮನೆಯ ಹೀರೇಕಾಯಿ ದಪ್ಪ.

ಇಲ್ಲಿಗೆ ಸೊಕ್ಕೆ ಎನ್ನುವ ಹಳ್ಳಿಯಿಂದ ಒಂದು ಸಂಬಂಧ ಬಂತು. ಹೊಲ, ಕುರಿ ಇದ್ದ ಒಕ್ಕಲು ಮನೆ. ಇದೂ ತಪ್ಪಿದರೆ ಇನ್ನು ಕೇಳುವವರಿಲ್ಲ ಎಂದು ನಮ್ಮನೆಯವರು ನನಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರು. ಐದು ಜನ ಬಂದರು. ನಾದಿನಿ ಚೊಂಬು ಹಿಡಿದು ಹೊರಗೆ ಬಂದಳು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಮೋಟುಗೋಡೆಯ ಮೇಲೆ ಮುಖ ಇಟ್ಟಳು.

“ಅಮ್ಮಾರೆ, ಎಷ್ಟು ಮಂದಿ ಬಂದಾರೆ?”

“ಐದು ಜನ ಅಜ್ಜಿ.”

“ನಿಮ್ಮ ಹೀರೆಬಳ್ಳಿಗೆ ಮೂರು ಜನ ಸಾಕು, ಹೆಚ್ಚಾದ್ರೆ ಬೇರು ಕೊಳೀತೈತೆ. ಇಬ್ಬರನ್ನ ನಮ್ಮ ಕುಂಬಳಕ್ಕೆ ಕಳಿಸ್ರಿ.”

ನೀರು ನನ್ನದು, ಕಾಲು ಅವರದು, ಕುಂಬಳಕಾಯಿ ಇವಳದು! ಮುಗಿಯಿತು, ಇವರೂ ಹೋದರು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ರುಮಾಲು ಸುತ್ತಿದ ಗಂಡಿನ ತಂದೆ, ಗಂಡಿನ ಜೊತೆಗೂಡಿ, ಮರುಮಾತಿಲ್ಲದೆ ಅಜ್ಜಿಯ ಹಿತ್ತಲಲ್ಲಿ ನಿಂತಿದ್ದರು.

“ಯಜಮಾನ್ರೇ, ಒಂಚೂರು ಎಡಕ್ಕೆ ಬರ್ರಿ,” ಅಂದಳು ಅಜ್ಜಿ. “ಅದು ಬದನೆ ಸಸಿ. ತುಳದೀರಿ.”

ಯಜಮಾನರು ಎಡಕ್ಕೆ ಬಂದರು.

ನಾದಿನಿ ಆ ಒಂದೇ ಚೊಂಬಿನಲ್ಲಿ ಐದೂ ಜನರ ಕಾಲಿಗೆ ನೀರು ಹಾಕಿ, ಒಂದು ಹನಿ ಹೊರಗೆ ಬೀಳಿಸದೆ, ತಳದಲ್ಲಿ ಉಳಿದಿದ್ದನ್ನು ಬದನೆ ಸಸಿಗೆ ಬಗ್ಗಿಸಿದಳು. ಗಂಡಿನ ತಾಯಿ ಅದನ್ನೇ ನೋಡುತ್ತಿದ್ದರು.

“ನಮಗೆ ಒಪ್ಪಿಗೆ,” ಅಂದರು. ಇನ್ನೂ ಹೊಸ್ತಿಲು ದಾಟಿರಲಿಲ್ಲ.

“ಹುಡುಗಿ ಮುಖ ನೋಡಿಲ್ಲವಲ್ಲ ನೀವು!” ಅಂದೆ.

“ಮುಖ ಏನ್ ನೋಡೋದೈತ್ರಿ? ಕೈ ನೋಡಿದ್ವಲ್ಲ.” ಆಮೇಲೆ ಅಜ್ಜಿಯ ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದರು. “ಏನೇ ಅನ್ರಿ, ನಿಮ್ಮ ಈ ಜಗಳೂರು ಜನಕ್ಕೆ ಭಾಳ ಸೊಕ್ಕು. ಬದನೆ ಸಸಿಗೆಲ್ಲಾ ನೀರು ಹಾಕ್ತಾರೆ! ನಮ್ಮೂರಲ್ಲಿ ಕಾಲು ಒರೆಸ್ಕೊಂಡು ಒಳಗೆ ಬರೋದು. ಹುಡುಗೀನೂ ಒಂದು ಮಾತು ಕೇಳಿ ಬರ್ರಿ. ಆಮೇಲೆ ಬಂದು ಅತ್ರೆ, ಮುಖ ತೊಳಿಯಾಕೂ ನೀರಿಲ್ಲ.”

ಹೆಣ್ಣನ್ನು ಕೇಳಿ ಎಂದವರು ಅವರೊಬ್ಬರೇ. ನಾನು ಅಡಿಗೆ ಮನೆಗೆ ಬಂದು ನಾದಿನಿಯ ಕೈ ಹಿಡಿದೆ.

“ಯೋಚನೆ ಮಾಡು ಕಣೇ. ಜಗಳೂರನ್ನೇ ಪಟ್ಟಣ ಅನ್ನೋ ಜನ. ಹೊಳೆ ಇಲ್ಲ, ಪೇಟೆ ಇಲ್ಲ, ಬಿಸಿಲಿಗೆ ಹಕ್ಕಿಯೂ ಕೂರೋದಿಲ್ಲ. ಬೇಡ ಅನ್ನು, ಹೇಳಿ ಕಳಿಸ್ತೀನಿ. ನನ್ನ ಬಾಯಿ ಇರೋದೇ ಅದಕ್ಕೆ.”

ಅವಳು ಎಲೆಯಡಿಕೆ ತಟ್ಟೆಯನ್ನು ಎತ್ತಿಕೊಂಡಳು. “ಹೂಂ ಅಂತ ಹೇಳ್ರಿ ಅತ್ತಿಗೆ,” ಅಂದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಚನ್ನಗಿರಿ ಬೈದ್ರಿ, ಹೊನ್ನಾಳಿ ಬೈದ್ರಿ, ನ್ಯಾಮತಿ ಬೈದ್ರಿ. ಬೈದಿದ್ದೆಲ್ಲಾ ಸರಿ ಐತೆ. ಗಾಡಿ ಹತ್ತುವಾಗ ಮೂರೂ ಊರಲ್ಲಿ ಸೆರಗು ಬಾಯಿಗಿಟ್ಕೊಂಡು ಅತ್ರಲ್ಲ, ಅದ್ಯಾಕೆ ಅತ್ತಿಗೆ?”