ತಾನೇ ಜೋಡಿಸಿಕೊಳ್ಳುವ ಚಾವಣಿ

ನಮ್ಮ ಭಾವ ತೋಂಟೇಶಪ್ಪನವರು ಬೆಟಗೇರಿಯಲ್ಲಿ ಬಸ್ಸಿನ ಬಾಡಿ ಕಟ್ಟುವವರು. ಮಗಳು ದಾಕ್ಷಿಯನ್ನು ನೋಡಲು ಕೊಪ್ಪಳದಿಂದ ಗಂಡಿನವರು ಬಂದ ದಿನ, ಹುಡುಗಿಗಿಂತ ಮೊದಲು ತಮ್ಮ ಹೊಸ ಚಾವಣಿ ತೋರಿಸಲು ನಿಂತರು.

ಅಂಗಳದಲ್ಲಿ ತ್ರಿಕೋನ ಹಲಗೆಗಳ ರಾಶಿ. ಅಲ್ಯೂಮಿನಿಯಂ ತಗಡು, ಅಂಚಿನಲ್ಲಿ ಅಯಸ್ಕಾಂತ, ಮೂಲೆಗೊಂದು ಪುಟ್ಟ ಮೋಟಾರು.

"ಎಲ್ಲಾ ಒಂದ ಅಚ್ಚು, ಒಂದ ಅಳತಿ," ಎಂದು ಭಾವ ಗಂಡಿನ ತಂದೆ ಕುಬೇರಪ್ಪನವರಿಗೆ ವಿವರಿಸಿದರು. "ಮನಿಗೂ ಇದ, ಗೋದಾಮಿಗೂ ಇದ. ಗೌಂಡಿ ಬ್ಯಾಡ. ತಾವ ಜೋಡಿಸ್ಕೋತಾವ."

"ಹೆಂಗ ತಿಳೀತದ ಅವಕ್ಕ?"

"ಒಂದ ಮಾತು ಕಲಿಸೀನಿ. ಯಾವ ಅಂಚೂ ಒಂಟಿ ಇರಬಾರದು."

ಕುಬೇರಪ್ಪ, ಅವರ ಮಗ ಮಹಾಂತೇಶ, ಭಾವ ಮೂವರೂ ಅಂಗಳದಲ್ಲಿ ನೆಟ್ಟ ಕಂಬಗಳ ನಡುವೆ ಹಾಸಿದ ಜಮಖಾನದ ಮೇಲೆ ಕುಳಿತರು. ಭಾವ ರಿಮೋಟ್ ಒತ್ತಿದರು. ಹಲಗೆಗಳು ಕಂಬ ಹತ್ತಿ, ಐದೈದು ಸೇರಿ, ಕೊಡೆಯಂತೆ ಬಿಚ್ಚಿಕೊಂಡವು. ಚೆನ್ನಾಗಿಯೇ ಇತ್ತು. ಆದರೆ ಕೊಡೆಯ ಸುತ್ತ ಅಂಚುಗಳು ಒಂಟಿಯಾಗಿದ್ದವು. ಉಳಿದ ಹಲಗೆಗಳು ಅಲ್ಲಿಗೂ ಹೋಗಿ ಕೆಳಗೆ ಇಳಿಬಿದ್ದವು.

"ಇದು ಗ್ವಾಡಿ ಆತಲ್ರೀ," ಎಂದರು ಕುಬೇರಪ್ಪ.

"ಅಲ್ಲ. ಇಳಿಜಾರು ಜಾಸ್ತಿ ಇರೋ ಚಾವಣಿ."

ಅಷ್ಟರಲ್ಲಿ ಕೆಲವು ಹಲಗೆಗಳು ಜಮಖಾನದ ಅಡಿ ನುಸುಳಿ, ಮೂವರನ್ನೂ ಎತ್ತಿ, ಕೆಳಗಿನಿಂದಲೂ ಮುಚ್ಚಿಕೊಂಡವು. ಅಂಗಳದಲ್ಲಿ ಈಗ ಒಂದು ದೊಡ್ಡ ಮೂಲೆಮೂಲೆಯ ಚೆಂಡು ಕುಳಿತಿತ್ತು. ಒಳಗಿನಿಂದ ಭಾವ ಹೇಳಿದರು: "ನೀಲಾ, ಗಾಬರಿ ಆಗಬ್ಯಾಡ. ರಿಮೋಟ್ ಒತ್ತಾಕತ್ತೇನಿ. ಬಿಚ್ಚಿದ್ರ ಅಂಚು ಒಂಟಿ ಆಗ್ತಾವಂತ ಇವು ಒಪ್ಪವಲ್ಲವು."

"ನಾನೇನೂ ಗಾಬರಿ ಆಗಿಲ್ಲ," ಎಂದಳು ನಮ್ಮಕ್ಕ ನೀಲಾ. "ಬೀಗರು ಹೆಂಗದಾರ?"

"ನನ್ನ ತೊಡಿ ಮ್ಯಾಲ ಅದಾರ."

ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಹೆಚ್ಚಾಗಿ ಉಳಿದಿದ್ದ ಒಂದು ಹಲಗೆ ಮಾತ್ರ ಜೊತೆ ಹುಡುಕುತ್ತ ಅಂಗಳದಲ್ಲಿ ತೆವಳುತ್ತಿತ್ತು. ದಾಕ್ಷಿ ಒಳಮನೆಯಿಂದ ಬಂದು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿಕಟ್ಟಿ, ಅದನ್ನು ಚೆಂಡಿಗೆ ಆನಿಸಿದಳು. ಒಂಟಿ ಬಂದದ್ದಕ್ಕೆ ಜಾಗ ಕೊಡಬೇಕಲ್ಲ! ಚೆಂಡಿನ ಒಂದು ಹಲಗೆ ಕಳಚಿ ಹೊರಬಿತ್ತು. ಆ ಕಿಂಡಿಯಿಂದ ಕುಬೇರಪ್ಪ ಉರುಳಿ ಬಂದರು. ಬಂದ ಹಲಗೆ ಕಿಂಡಿ ಮುಚ್ಚಿತು. ಈಗ ಕಳಚಿದ್ದು ಒಂಟಿಯಾಗಿ, ಬಾಗಿಲು ಬಡಿದಂತೆ ಚೆಂಡನ್ನು ಬಡಿಯತೊಡಗಿತು.

ಎರಡನೆಯ ಸಲ ಭಾವ ಬಂದರು. ಮೂರನೆಯ ಸಲ ಕಿಂಡಿ ತೆರೆದಾಗ ಮಹಾಂತೇಶ ಒಂದು ಕಾಲು ಹೊರಗಿಟ್ಟ. ಎದುರಿಗೆ ದಾಕ್ಷಿ.

"ಎಲ್ಲಾರ ಮುಂದ ಏನೂ ಕೇಳಾಕ ಆಗಂಗಿಲ್ಲ," ಎಂದಳು. "ಸ್ವಲ್ಪ ಸರೀರಿ."

ಅವನು ಸರಿದ. ಅವಳು ಒಳಗೆ ಹೋದಳು. ಹಲಗೆ ಮುಚ್ಚಿತು.

ಚೆಂಡು ಆಗಾಗ ತೆರೆಯಿತು, ಮುಚ್ಚಿತು. ಒಳಗೆ ಮಾತು, ನಡುವೆ ನಗು. ಬಿಸಿಲು ಇಳಿಯಿತು. ಕುಬೇರಪ್ಪನವರ ಸಹನೆ ಮುಗಿಯಿತು.

"ಅಲ್ರೀ, ಇದನ್ನ ತೆರಿಯಾಕ ಏನೂ ಹಾದಿ ಇಲ್ಲೇನು?"

"ತೆರಿಯಾಕೇನು, ತೆರಿಯಾಕತ್ತೇತಿ," ಎಂದಳು ಅಕ್ಕ. "ಅವರ ಹೊರಗ ಬರವಲ್ಲರು."

ಮದುವೆಗೆ ಕುಬೇರಪ್ಪನವರು ಹಾಕಿದ ಷರತ್ತು ಒಂದೇ. ಹಂದರ ತೆಂಗಿನ ಗರಿಯದ್ದಾಗಿರಬೇಕು, ಗರಿಗೆ ಯಾರೂ ಏನನ್ನೂ ಕಲಿಸಿರಬಾರದು.